ಕಡಲಿನ ನೋಟ ಮುಚ್ಚುವ ಕಟ್ಟಡಕ್ಕೆ ಆಕ್ಷೇಪಣೆ: ಯಾವ ವಾದ ನಿಲ್ಲುತ್ತದೆ?

ಸುರತ್ಕಲ್‌ನ ನಿಮ್ಮ ಫ್ಲ್ಯಾಟ್ ಎದುರು ಏಳಲಿರುವ ಅಪಾರ್ಟ್‌ಮೆಂಟ್ ಕಡಲನ್ನೇ ಮರೆಮಾಡುತ್ತದೆ, ತಡೆಯಬಹುದೇ ಎಂದು ಕೇಳಿದ್ದೀರಿ. ಬೇಸರ ನ್ಯಾಯವಾದದ್ದೇ. ಆದರೆ ‘ನೋಟ ಹೋಗುತ್ತದೆ’ ಎಂಬ ವಾದವೊಂದನ್ನೇ ನಂಬಬೇಡಿ, ಅದು ನಿಲ್ಲದು. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗದ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 15ನೇ ಕಲಂ ನೋಟವನ್ನು ಕಾಯುವುದಿಲ್ಲ, ಗಾಳಿ-ಬೆಳಕನ್ನು ಕಾಯುತ್ತದೆ. ಅದೂ 20 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ್ದರೆ.

ನಿಜವಾದ ಬಲ ಇರುವುದು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ. ಆ ಜಾಗದ ಸರ್ವೆ ನಂಬರನ್ನು ಅನುಮೋದಿತ ಕರಾವಳಿ ವಲಯ ನಕ್ಷೆಯಲ್ಲಿ ಹುಡುಕಿ. ಅಲೆ ಬಂದು ಮುಟ್ಟುವ ಜಾಗದಿಂದ ಟೇಪ್ ಹಿಡಿದು ಅಳೆದ ದೂರ ಪ್ರಯೋಜನವಿಲ್ಲ. ನಕ್ಷೆಯ ಭರತರೇಖೆಯೇ (ಉಬ್ಬರದ ನೀರು ತಲುಪುವ ಗೆರೆ) ಲೆಕ್ಕ. ಜಾಗ ಸಿಆರ್‌ಝಡ್-2ರಲ್ಲಿದ್ದರೆ (ಕಡಲಂಚಿನವರೆಗೂ ಈಗಾಗಲೇ ಬೆಳೆದ ಪಟ್ಟಣ ಪ್ರದೇಶ), ಹಿಂದಿನಿಂದಲೂ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದಿಂದ ಒಳನಾಡಿನ ಕಡೆಗಷ್ಟೇ ಕಟ್ಟಬಹುದು. ಹಳೆಯ ರಸ್ತೆಗಿಂತ ಕಡಲ ಕಡೆಗೆ ಹೊಸ ರಸ್ತೆ ಮಾಡಿ ಅದನ್ನು ತೋರಿಸಿದರೆ ಸಾಲದು. ಹಾಗಾಗಿ ಮೊದಲು ರಸ್ತೆಯ ದಾಖಲೆ ನೋಡಿ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಮಂಜೂರಾದ ನಕ್ಷೆ, ಸಿಆರ್‌ಝಡ್ ಅನುಮತಿ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ರಸ್ತೆಯ ಅಗಲ, ಎಫ್‌ಎಆರ್ (ನಿವೇಶನದ ಅಳತೆಗೆ ಒಟ್ಟು ಕಟ್ಟಡ ವಿಸ್ತೀರ್ಣದ ಅನುಪಾತ) ನಿಯಮಕ್ಕೆ ತಾಳೆಯಾಗುತ್ತದೆಯೇ ನೋಡಿ. ಉತ್ತರಕ್ಕೆ 30 ದಿನ ಹಿಡಿಯಬಹುದು, ಆದ್ದರಿಂದ ತಡಮಾಡಬೇಡಿ: ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ (ನಮಗೆ ಚೆನ್ನೈ ಪೀಠ) ಮೇಲ್ಮನವಿಯ ಅವಧಿಯೂ 30 ದಿನವೇ. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು.