ಬೋರ್ ಹಾಕದೆ ಕಲ್ಲಿದ್ದಲು ಕಾಣುತ್ತಾ?

ಪ್ರಶ್ನೆ: ನೆಲ ಅದುರಿಸಿ, ಪ್ರತಿಧ್ವನಿ ಕೇಳಿ ಕಲ್ಲಿದ್ದಲಿನ ನಕ್ಷೆ ಮಾಡ್ತಾರಂತೆ. ಒಂದೆರಡು ಮೀಟರ್ ದಪ್ಪದ ಪದರವೂ ಸಿಗುತ್ತಾ? ಬೋರ್ ಖರ್ಚು ಉಳಿಯುತ್ತಾ? ನಮ್ಮ ಜಿಲ್ಲೆಯಲ್ಲೂ ನೋಡಬಹುದಲ್ವಾ?
– ಓದುಗರು, ರಾಯಚೂರು

ಉತ್ತರ: ಸುಳಿವು ಸಿಗುತ್ತದೆ. ದಪ್ಪ ಎಷ್ಟು ಅಂತ ಹೇಳುವುದೇ ಕಷ್ಟ.

ನೆಲಕ್ಕೆ ಪೆಟ್ಟು ಕೊಡುವುದು ಸಣ್ಣ ಗುಂಡಿಯಲ್ಲಿ ಮದ್ದು ಸಿಡಿಸಿ, ಇಲ್ಲವೇ ದೊಡ್ಡ ತಟ್ಟೆಯನ್ನು ನೆಲಕ್ಕೊತ್ತಿ ಅದುರಿಸುವ ಲಾರಿಯಿಂದ. ವಾಪಸ್ ಬರುವ ಅಲೆ ಹಿಡಿಯುವುದು ಜಿಯೋಫೋನ್. ಮುಷ್ಟಿಯಲ್ಲಿ ಹಿಡಿಯುವಷ್ಟು ಡಬ್ಬಿ, ಅಡಿಯಲ್ಲೊಂದು ಮೊಳೆ. ಸಾಲಾಗಿ ನೂರಾರನ್ನು ಮಣ್ಣಿಗೆ ಚುಚ್ಚುತ್ತಾರೆ. ಪಕ್ಕದಲ್ಲಿ ಎಮ್ಮೆ ಹಾದುಹೋದರೆ ಅದರ ಹೆಜ್ಜೆಯೂ ದಾಖಲಾಗುತ್ತದೆ! ಸುತ್ತಲಿನ ಮರಳುಗಲ್ಲಿಗಿಂತ ಕಲ್ಲಿದ್ದಲು ತುಂಬ ಹಗುರ, ಅದರಲ್ಲಿ ಅಲೆಯ ಓಟವೂ ನಿಧಾನ. ಹಾಗಾಗಿ ಪ್ರತಿಧ್ವನಿ ಜೋರಾಗಿಯೇ ಬರುತ್ತದೆ.

ತೊಂದರೆ ಇರುವುದು ಅಲೆಯ ಉದ್ದದಲ್ಲಿ. ಕಲ್ಲಿದ್ದಲಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 2400 ಮೀಟರ್ ಓಡುತ್ತದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 60 ಸಲ ಅದುರುವ ಅಲೆಯಾದರೆ ಒಂದೊಂದರ ಉದ್ದ 40 ಮೀಟರ್. ಅದರ ಕಾಲುಭಾಗ, ಅಂದರೆ 10 ಮೀಟರಿಗಿಂತ ಪದರ ತೆಳುವಾದರೆ ಮೇಲಂಚಿನ ಸದ್ದು, ಕೆಳಂಚಿನ ಸದ್ದು ಎರಡೂ ಒಂದಕ್ಕೊಂದು ಕಲಸಿಹೋಗುತ್ತವೆ. ಏನೋ ಇದೆ ಅಂತ ಗೊತ್ತಾದರೂ ಎಷ್ಟಿದೆ ಅಂತ ತಿಳಿಯುವುದಿಲ್ಲ. ಭಾರತದ ಕಲ್ಲಿದ್ದಲು ಲೆಕ್ಕದಲ್ಲೋ 0.9 ಮೀಟರ್ ದಪ್ಪದ ಪದರವೂ ಸೇರುತ್ತದೆ.

ಹಾಗಾದರೆ ಇನ್ನೂ ಬೇಗ ಅದುರುವ ಅಲೆ ಕಳಿಸಿದರಾಯಿತಲ್ಲ ಅಂತೀರಾ? ದೂರದ ಜಾತ್ರೆಯ ಸದ್ದು ನೆನಪಿಸಿಕೊಳ್ಳಿ. ಡೊಳ್ಳಿನ ದಂ ದಂ ಮನೆತನಕ ಬರುತ್ತದೆ, ತಾಳದ ಝಣಝಣ ದಾರಿಯಲ್ಲೇ ಸತ್ತುಹೋಗುತ್ತದೆ. ಬಂಡೆಯೂ ಅಷ್ಟೇ, ಚುರುಕಾದ ಅಲೆಗಳನ್ನೇ ಮೊದಲು ನುಂಗುತ್ತದೆ.

ಹೀಗೆ ಸೊರಗಿ ಬಂದ ಅಲೆಗಳನ್ನು ಲೆಕ್ಕಾಚಾರದಿಂದ ಎತ್ತಿ ತೋರಿಸಲು 2021ರಲ್ಲಿ ಕೋಲ್ ಇಂಡಿಯಾ 'ಸ್ಪೆಕ್ಟ್ರಲ್ ಎನ್‌ಹ್ಯಾನ್ಸ್‌ಮೆಂಟ್' ಎಂಬ ಸಾಫ್ಟ್‌ವೇರ್ ತಂದಿತು. ಮಾಡಿದ್ದು ಕೋಲ್ ಇಂಡಿಯಾದ್ದೇ ಅಂಗಸಂಸ್ಥೆಯಾದ ರಾಂಚಿಯ ಸಿಎಂಪಿಡಿಐ, ಗುಜರಾತಿನ ಇಂಧನ ಸಂಶೋಧನಾ ಸಂಸ್ಥೆ ಜೆರ್ಮಿ ಜೊತೆಗೂಡಿ. ಒಳ್ಳೆಯ ಕೆಲಸವೇ. ಆದರೆ ಇಂಥ ವಿಧಾನಗಳಲ್ಲಿ ತಾಳದ ಸದ್ದು ಏರಿಸಲು ಹೋದರೆ ಗದ್ದಲವೂ ಏರುತ್ತದೆ, ಯಾವುದು ಪದರ, ಯಾವುದು ಎಮ್ಮೆ ಹೆಜ್ಜೆ ಅಂತ ಬೇರ್ಪಡಿಸಲು ಅನುಭವಿ ಕಣ್ಣು ಬೇಕೇ ಬೇಕು.

ಹಾಗಾಗಿ ಬೋರ್ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಎರಡು ಬೋರುಗಳ ನಡುವೆ ಪದರ ಎಲ್ಲಿ ತುಂಡಾಗಿ ಜಾರಿದೆ ಅಂತ ಸರ್ವೆ ತೋರಿಸಬಲ್ಲದು. ಕಲ್ಲಿದ್ದಲಿನಲ್ಲಿ ಬೂದಿ ಎಷ್ಟಿದೆ ಅಂತ ಹೇಳುವುದು ಬೋರಿನಿಂದ ತೆಗೆದ ಕಲ್ಲೇ.

ನಿಮ್ಮ ಜಿಲ್ಲೆಯಲ್ಲಿ ಸುಮ್ನೆ ದುಡ್ಡು ಕಳೆಯಬೇಡಿ. ಅಲ್ಲಿನ ಬಂಡೆಗಳು ಹೆಚ್ಚುಕಡಿಮೆ 250 ಕೋಟಿ ವರ್ಷ ಹಳೆಯವು. ಕಲ್ಲಿದ್ದಲಾಗಲು ಗಿಡಮರ ಬೇಕು, ಆಗ ನೆಲದ ಮೇಲೆ ಒಂದು ಗಿಡವೂ ಇರಲಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಂಥ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ತರಿಸುವುದು ಅದಕ್ಕೇ.