ಮೊಬೈಲ್ ಆ್ಯಪನ್ನೇ ನಂಬಿ ಉದ್ಯಮ ನಡೆಸುವುದರಲ್ಲಿ ಎದುರಾಗುವ ಕಷ್ಟಗಳೇನು?

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಮಾರಾಟದ ಲೆಕ್ಕ ಇಡುವ ಆ್ಯಪ್ ಮಾಡಬೇಕೆಂದಿದ್ದೇನೆ, ಈಗಿನ ನೌಕರಿ ಬಿಟ್ಟು ಅದರಿಂದಲೇ ಜೀವನ ನಡೆಸಬಹುದೇ, ಅಡ್ಡಿಗಳೇನು ಎಂದು ಕೇಳಿದ್ದೀರಿ. ನಾನು ಮತ್ತು ನನ್ನ ಸ್ನೇಹಿತರೊಬ್ಬರು 2017ರಿಂದ ಮೈಸೂರಿನಲ್ಲಿ, ಮನೆಮನೆಗೆ ಹಾಲು ಮತ್ತು ಪತ್ರಿಕೆ ಹಾಕುವವರ ತಿಂಗಳ ಲೆಕ್ಕಕ್ಕೆಂದು ಒಂದು ಆ್ಯಪ್ ನಡೆಸುತ್ತಿದ್ದೇವೆ. ಆ ಅನುಭವದಿಂದ ಹೇಳುವುದಾದರೆ, ಜೀವನ ನಡೆಸಬಹುದು. ಆದರೆ ಆ್ಯಪ್ ಸಿದ್ಧವಾದ ದಿನವೇ ಉದ್ಯಮ ಶುರುವಾಯಿತೆಂದು ನಾವು ತಿಳಿದದ್ದು ದೊಡ್ಡ ತಪ್ಪಾಗಿತ್ತು. ದುಡ್ಡು ಕೊಡುವ ಮೊದಲ ಗಿರಾಕಿ ಸಿಗಲು ಅಲ್ಲಿಂದ ಮುಂದೆ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ಆವೃತ್ತಿಯಲ್ಲಿ ಪ್ರತಿ ಮನೆಗೂ ಪ್ರತಿ ದಿನ ಎಷ್ಟು ಹಾಲು ಹಾಕಿದಿರೆಂದು ನಮೂದಿಸಬೇಕಿತ್ತು. ಡೌನ್‌ಲೋಡ್ ಮಾಡಿಕೊಂಡವರೆಲ್ಲ ವಾರದೊಳಗೆ ಬಳಸುವುದನ್ನು ಬಿಡುತ್ತಿದ್ದರು. ಕಾರಣ ತಿಳಿಯದೆ, ಒಂದು ದಿನ ಬೆಳಗಿನ ಐದು ಗಂಟೆಗೆ ಹಾಲು ಹಾಕುವವರೊಬ್ಬರ ಜೊತೆ ಬೀದಿ ಸುತ್ತಿದೆ. ತಣ್ಣನೆಯ ಪ್ಯಾಕೆಟ್ಟುಗಳನ್ನು ಎತ್ತಿ ಎತ್ತಿ ಅವರ ಬೆರಳುಗಳು ಒದ್ದೆಯಾಗಿದ್ದವು. ಪರದೆ ಆ ಬೆರಳುಗಳಿಗೆ ಸ್ಪಂದಿಸಲೇ ಇಲ್ಲ. ಅವರು ಫೋನನ್ನು ಜೇಬಿಗಿಳಿಸಿ, ಕಿವಿಯ ಸಂದಿಯಲ್ಲಿದ್ದ ತುಂಡು ಪೆನ್ಸಿಲ್ ತೆಗೆದು, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಎರಡೇ ಸಾಲು ಬರೆದುಕೊಂಡರು: ಒಂದು ಮನೆಗೆ ಅರ್ಧ ಲೀಟರ್ ಹೆಚ್ಚು, ಇನ್ನೊಂದಕ್ಕೆ ನಾಳೆಯಿಂದ ಮೂರು ದಿನ ಬೇಡ. ಉಳಿದ ಅರವತ್ತು ಮನೆಗಳ ಲೆಕ್ಕ ನಿನ್ನೆಯಂತೆಯೇ ಇತ್ತು, ಅದನ್ನು ಬರೆಯುವ ಅಗತ್ಯವೇ ಅವರಿಗಿರಲಿಲ್ಲ. ನಾವು ಇಡೀ ಆ್ಯಪನ್ನು ಆ ಎರಡು ಸಾಲುಗಳ ಸುತ್ತ ಮತ್ತೆ ಬರೆದೆವು. ಕಚೇರಿಯಲ್ಲಿ ಕುಳಿತು ಎಷ್ಟು ಯೋಚಿಸಿದ್ದರೂ ಇದು ನಮಗೆ ಹೊಳೆಯುತ್ತಿರಲಿಲ್ಲ.

ದುಡ್ಡಿನ ವಿಷಯ ಇದಕ್ಕಿಂತ ಕಠಿಣವಾದದ್ದು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ್ಯಪ್ ಬಳಸುವವರ ಸಂಖ್ಯೆ ಬೆಳೆಯಿತು ನಿಜ, ಆದರೆ ಆ್ಯಪ್ ಎಂದರೆ ಪುಕ್ಕಟೆ ಸಿಗುವ ವಸ್ತುವೆಂಬ ಭಾವನೆಯೂ ಅದರೊಂದಿಗೇ ಬೆಳೆಯಿತು. ಹೂಡಿಕೆದಾರರ ಹಣದ ಬಲದಿಂದ ಲೆಕ್ಕದ ಆ್ಯಪನ್ನು ಉಚಿತವಾಗಿ ಹಂಚುವ ದೊಡ್ಡ ಕಂಪನಿಗಳ ಎದುರು ತಿಂಗಳಿಗೆ 99 ರೂಪಾಯಿ ಕೇಳಬೇಕಾದರೆ, ಅವರು ಕೊಡದ ಏನನ್ನಾದರೂ ನೀವು ಕೊಡಲೇಬೇಕು. ಆ 99ರಲ್ಲೂ ಚಂದಾದ ಮೇಲಿನ ಶೇಕಡಾ 15ರ ಶುಲ್ಕವೆಂದು ಸುಮಾರು 15 ರೂಪಾಯಿ ಗೂಗಲ್ ಪ್ಲೇಗೆ ಹೋಗುತ್ತದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾಗಿ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸುವುದು ಕಡ್ಡಾಯವಾಯಿತು. ಹಳೆಯ ಅನುಮತಿಗಳು ನಡೆಯದೆ ದೇಶದಾದ್ಯಂತ ಅನೇಕ ಚಂದಾಗಳು ನಿಂತುಹೋದವು. ಗ್ರಾಹಕರ ದೃಷ್ಟಿಯಿಂದ ಅದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ಆದರೂ ತಿಂಗಳ ಚಂದಾವನ್ನೇ ನೆಚ್ಚಿಕೊಂಡ ಸಣ್ಣವರಿಗೆ ಆ ಹೊಡೆತ ಜೋರಾಗಿಯೇ ಬಿದ್ದಿತು. ಅಂದಿನಿಂದ ನಾವು ವರ್ಷಕ್ಕೆ ಒಂದೇ ಬಾರಿ ಹಣ ಪಡೆಯುತ್ತೇವೆ.

ಈ ಉದ್ಯಮದಲ್ಲಿ ನಿಮ್ಮ ಅಂಗಡಿಯ ಬಾಗಿಲ ಕೀಲಿ ಬೇರೆಯವರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. 2018ರ ಅಕ್ಟೋಬರಿನಲ್ಲಿ ಗೂಗಲ್, ಎಸ್‌ಎಂಎಸ್ ಮತ್ತು ಕರೆಗಳ ದಾಖಲೆ ಓದುವ ಅನುಮತಿಯನ್ನು ಬಿಗಿಗೊಳಿಸುವುದಾಗಿ ಪ್ರಕಟಿಸಿತು. ಬ್ಯಾಂಕಿನ ಸಂದೇಶ ಓದಿ ಯಾವ ಮನೆಯಿಂದ ಹಣ ಬಂತೆಂದು ಗುರುತಿಸುವುದು ನಮ್ಮ ಆ್ಯಪಿನ ಮುಖ್ಯ ಅನುಕೂಲವಾಗಿತ್ತು. ಜನರ ಗೋಪ್ಯತೆಗೆ ಬೇಕಾಗಿದ್ದ ಆ ನಿಯಮವನ್ನು ನಾನು ತಪ್ಪೆನ್ನಲಾರೆ. ನಾವೇ ಆ ಅನುಕೂಲವನ್ನು ತೆಗೆದುಹಾಕಿ ಬೇರೆ ದಾರಿ ಹುಡುಕಿಕೊಂಡೆವು. 2024ರ ಮಾರ್ಚ್ 1ರಂದು, ಶುಲ್ಕದ ವಿವಾದದಿಂದಾಗಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿಯಂತಹ ಹೆಸರಾಂತ ಆ್ಯಪ್‌ಗಳೇ ಪ್ಲೇ ಸ್ಟೋರಿನಿಂದ ಕಾಣೆಯಾದವು. ಸರ್ಕಾರ ಮಧ್ಯೆ ಪ್ರವೇಶಿಸಿದ ಬಳಿಕ ಕೆಲವೇ ದಿನಗಳಲ್ಲಿ ಮರಳಿದವು. ನಮ್ಮಂಥವರಿಗೆ ಹಾಗಾದರೆ ಮಾತನಾಡಲು ಸರ್ಕಾರ ಬರುವುದಿಲ್ಲ. ಆದ್ದರಿಂದ ಪ್ರತಿ ಗಿರಾಕಿಯ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಬಳಿಯೂ ಇಟ್ಟುಕೊಳ್ಳಿ.

ನಿರ್ವಹಣೆಯ ಖರ್ಚಿಗೆ ಕೊನೆಯಿಲ್ಲ. ಹೊಸ ಆಂಡ್ರಾಯ್ಡ್ ಆವೃತ್ತಿಗೆ ಹೊಂದುವಂತೆ ಆ್ಯಪನ್ನು ವರ್ಷ ವರ್ಷವೂ ತಿದ್ದಲೇಬೇಕು. ಇನ್ನು ಕೆಲವು ಅಗ್ಗದ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಸಂಜೆಯ ನೆನಪಿನ ಸೂಚನೆ ಬರಲಿಲ್ಲವೆಂದು ಗಿರಾಕಿ ಬೈದರೆ, ಕೇಳಿಸಿಕೊಂಡು ಸರಿಪಡಿಸಬೇಕಾದವರು ನೀವೇ.

ಡೌನ್‌ಲೋಡ್ ಸಂಖ್ಯೆಗೆ ಮರುಳಾಗಬೇಡಿ. ಬೆಂಗಳೂರಿನಲ್ಲಿ 2020ರಲ್ಲಿ ಆರಂಭವಾದ, ಕನ್ನಡಿಗರು ಅಕ್ಕರೆಯಿಂದ ಬಳಸಿದ, ಟ್ವಿಟರ್‌ನಂತಹ ಕೂ ಆ್ಯಪಿಗೆ ಕೋಟಿಗಟ್ಟಲೆ ಡೌನ್‌ಲೋಡ್‌ಗಳೂ ದೊಡ್ಡ ಹೂಡಿಕೆಯೂ ಇದ್ದವು, ಆದರೂ 2024ರ ಜುಲೈನಲ್ಲಿ ಅದು ಮುಚ್ಚಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು.

ಹಾಗಾಗಿ ನೌಕರಿಯನ್ನು ಈಗಲೇ ಬಿಡಬೇಡಿ. ಮೊದಲು ಹತ್ತು ಬೆಳೆಗಾರರ ಲೆಕ್ಕವನ್ನು ವಾಟ್ಸ್ಆ್ಯಪ್ ಮತ್ತು ಒಂದು ಎಕ್ಸೆಲ್ ಹಾಳೆಯ ಮೂಲಕ ಒಂದು ಸುಗ್ಗಿಯವರೆಗೆ ನೀವೇ ಇಟ್ಟುಕೊಡಿ, ಅದಕ್ಕೆ ಸಣ್ಣದಾದರೂ ಹಣ ಕೇಳಿ. ಅವರಲ್ಲಿ ಐವರು ಮುಂದಿನ ವರ್ಷಕ್ಕೂ ಹಣ ಕೊಡಲು ಒಪ್ಪಿದರೆ ಕೋಡ್ ಬರೆಯಲು ಕುಳಿತುಕೊಳ್ಳಿ. ಅದಕ್ಕೂ ಮುಂಚೆ ಅಡಿಕೆ ಮಂಡಿಯಲ್ಲಿ ಒಂದು ವಾರ ಕಳೆದು, ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆಯ ಬಗೆಗಳಿಗೆ ಬೇರೆ ಬೇರೆಯಾಗಿ ತೂಕ, ದರ ಬರೆದುಕೊಳ್ಳುವ ಬೆಳೆಗಾರರ ಪುಸ್ತಕದ ಒಂದು ಪುಟವನ್ನು, ಅವರು ಒಪ್ಪಿದರೆ, ಫೋಟೋ ತೆಗೆದುಕೊಂಡು ಬನ್ನಿ. ಆ ಪುಟವನ್ನು ಇಲ್ಲಿ ಹಾಕಿದರೆ, ಮೊದಲ ಆವೃತ್ತಿಯಲ್ಲಿ ಏನಿರಬೇಕು, ಏನು ಬೇಡ ಎಂಬುದನ್ನು ನಾನೂ ನಿಮ್ಮೊಂದಿಗೆ ಕುಳಿತು ನೋಡುತ್ತೇನೆ.