ಸೆಕೆಂಡ್ ಹ್ಯಾಂಡ್ ಕಾರಿನ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಬೇಕು?

ಹುಬ್ಬಳ್ಳಿಯಲ್ಲಿ ಹಳೇ ಸ್ಯಾಂಟ್ರೋ ಜಿಂಗ್ ತಗೊಂಡಿದ್ದೀರಿ, ದಿನಾ ಧಾರವಾಡಕ್ಕೆ ಓಡಾಟ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್ ತಾಳ ತಪ್ಪದಂತೆ ಓಡಿಸುವ ಹಲ್ಲಿನ ರಬ್ಬರ್ ಬೆಲ್ಟ್) ಯಾವಾಗ ಹಾಕಿದ್ದು ಅಂತ ಹಳೇ ಮಾಲೀಕರಿಗೂ ಗೊತ್ತಿಲ್ಲ ಅಂದಿದ್ದೀರಿ. ಹಾಗಾದರೆ ಕಾಯಬೇಡಿ, ಈಗಲೇ ಹೊಸದು ಹಾಕಿಸಿ.

ಸರ್ವೀಸ್ ದಾಖಲೆ ಇದ್ದವರು ಮ್ಯಾನ್ಯುಯಲ್ ನೋಡಿದರೆ ಸಾಕು. ಎಷ್ಟೋ ಕಾರುಗಳಿಗೆ 60,000ದಿಂದ 1,00,000 ಕಿ.ಮೀ. ನಡುವೆ ಒಂದು ಅಂಕಿ ಇರುತ್ತದೆ, ಜೊತೆಗೆ ವರ್ಷದ ಲೆಕ್ಕವೂ. ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಕಾರು ಸುಮ್ನೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಮೆಕ್ಯಾನಿಕ್ ಕವರ್ ತೆಗೆದು ‘ಇನ್ನೂ ಚಲೋ ಐತ್ರಿ’ ಅನ್ನಬಹುದು. ನಂಬಿ ಕೂರಬೇಡಿ. ಬಿರುಕು, ಕಿತ್ತ ಹಲ್ಲು, ಎಣ್ಣೆ ಜಿಡ್ಡು ಕಂಡರೆ ಬೆಲ್ಟ್ ಹೋಯಿತು ಅಂತಲೇ ಅರ್ಥ. ಆದರೆ ಏನೂ ಕಾಣದ ಬೆಲ್ಟ್ ಕೂಡ ಸದ್ದಿಲ್ಲದೆ ಕಡಿಯಬಹುದು. ಕಡಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಹೊಡೆಯುತ್ತದೆ. ವಾಲ್ವ್ ಬಾಗುತ್ತದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಬೇಕಾಗುತ್ತದೆ. ಆ ಬಿಲ್ಲಿನ ಮುಂದೆ ಬೆಲ್ಟಿನ ಖರ್ಚು ಏನೂ ಅಲ್ಲ.

ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್, ಅದು ದಾರಿ ತಪ್ಪದಂತೆ ನಡೆಸುವ ಐಡ್ಲರ್ ಬೇರಿಂಗ್ ಜೊತೆಗೇ ಬದಲಿಸಿ. ವಾಟರ್ ಪಂಪ್ ಬಿಚ್ಚಲು ಇದೇ ಬೆಲ್ಟ್ ತೆಗೆಯಬೇಕಾದ ಕಾರಾದರೆ ಅದನ್ನೂ ಮುಗಿಸಿಬಿಡಿ. ಮಜೂರಿ ಎರಡು ಸಲ ಯಾಕೆ ಕೊಡಬೇಕು, ಅಲ್ವಾ?

ಅಂದಹಾಗೆ, 1.3 ಡೀಸೆಲ್ ಸ್ವಿಫ್ಟ್‌ನವರಿಗೆ ಈ ತಲೆನೋವಿಲ್ಲ. ಅದರಲ್ಲಿರೋದು ಚೈನ್.